ಆಂಟಿ ಅಂದ್ರೆ ಯಾವ ವರಸೆ?

ನಮ್ಮ ಗೂಳೂರಲ್ಲಿ ಈಗ ಆಂಟಿಯರಿಗೆ ಬರವಿಲ್ಲ. ಕುಣಿಗಲ್ ರಸ್ತೆ ಬಸ್ಸು ಹತ್ತಿದ್ರೆ ಕಂಡಕ್ಟರ್ ಹುಡುಗ "ಆಂಟಿ, ಒಳಗೆ ಹೋಗಿ" ಅಂತಾನೆ. ತುಮಕೂರಿನ ಬಟ್ಟೆ ಅಂಗಡೀಲಿ ಸೀರೆ ಬಿಚ್ಚಿ ಹಾಕೋ ಹುಡುಗಿ "ಈ ಕಲರ್ ನಿಮಗೆ ಚೆನ್ನಾಗಿ ಒಪ್ಪುತ್ತೆ ಆಂಟಿ" ಅಂತಾಳೆ. ಹಾಲು ಹಾಕೋನು, ಗ್ಯಾಸ್ ಸಿಲಿಂಡರ್ ತರೋನು, ಎದುರು ಮನೆಗೆ ಬಾಡಿಗೆಗೆ ಬಂದಿರೋರ ಮಗು, ಎಲ್ರಿಗೂ ನಾನು ಆಂಟಿ. ನನಗಿಂತ ಎರಡೇ ವರ್ಷಕ್ಕೆ ಚಿಕ್ಕೋನಾದ ಒಬ್ಬ ಮಹರಾಯ ಕೂಡ ಹಂಗೇ ಕರೀತಾನೆ, ಅವನ ತಲೆ ನನ್ನ ತಲೆಗಿಂತ ಬೆಳ್ಳಗಾಗೈತೆ.

ಹೊರಗಿನೋರು ಹಂಗಂದ್ರೆ ನನಗೇನೂ ಬೇಜಾರಿಲ್ಲ. ಆದ್ರೆ ಹೋದ ಕಾರ್ತಿಕದಲ್ಲಿ ನಮ್ಮೂರ ಗಣಪನ್ನ ನೋಡಕ್ಕೆ ಅಂತ ಗುಬ್ಬಿ ಕಡೆಯಿಂದ, ಕುಣಿಗಲ್ ಕಡೆಯಿಂದ ನೆಂಟರು ಬಂದಿದ್ರು. ನಿಮಗೆ ಗೊತ್ತೇ ಐತೆ, ಬೇರೆ ಊರೋರು ಚೌತಿಗೆ ಗಣಪನ್ನ ಕೂರಿಸಿ ನೀರಿಗೆ ಬಿಟ್ಟುಬಿಡ್ತಾರೆ. ನಮ್ಮೂರಲ್ಲಿ ಚೌತಿಗೆ ಮಣ್ಣು ಹಿಡಿದು ಮೂರ್ತಿ ಮಾಡಕ್ಕೆ ಶುರು, ಬಲಿಪಾಡ್ಯಮಿಗೆ ಪೂಜೆ ಶುರು, ತಿಂಗಳು ಕಳೆದ ಮೇಲೆ ಕೆರೆಗೆ. ಆ ತಿಂಗಳು ಪೂರ್ತಿ ಮನೆ ತುಂಬ ಜನ. ನಡುಮನೇಲಿ ಕೂತಿದ್ದ ನಾಲ್ಕು ಹೆಂಗಸರನ್ನ ನಮ್ಮ ಮೈದುನನ ಮಗಳು ಒಂದೇ ಉಸಿರಲ್ಲಿ "ಹಾಯ್ ಆಂಟಿ, ಹಾಯ್ ಆಂಟಿ" ಅಂತ ಮುಗಿಸಿದ್ಲು. ನಮ್ಮತ್ತೆಗೆ ಎಂಬತ್ತು ದಾಟೈತೆ, ಕಿವಿ ಮಾತ್ರ ಚುರುಕು. "ಆಂಟಿ ಅಂದ್ರೆ ಯಾವ ವರಸೆ?" ಅಂತ ಕೇಳಿದ್ರು. ಆ ನಾಲ್ವರಲ್ಲಿ ಒಬ್ಬರು ಮಗುವಿಗೆ ಸೋದರತ್ತೆ, ಒಬ್ಬರು ದೊಡ್ಡಮ್ಮ, ಒಬ್ಬರು ತಾಯಿ ಕಡೆ ಚಿಕ್ಕಮ್ಮ, ಇನ್ನೊಬ್ಬರು ಸೋದರಮಾವನ ಹೆಂಡ್ತಿ. ಮಗು ಉತ್ತರ ಕೊಡಲಿಲ್ಲ, ಫೋನ್ ಹಿಡ್ಕೊಂಡು ಒಳಗೆ ಹೋಯ್ತು. ನನಗೆ ಮಾತ್ರ ಆ ಪ್ರಶ್ನೆ ಹುಳದ ಹಂಗೆ ಕೊರೀತು. ಇಂಗ್ಲಿಷಿನೋರಿಗಾದ್ರೂ ಇದಕ್ಕೊಂದು ವರಸೆ ಇರಲೇಬೇಕಲ್ಲ ಅಂತ ಹುಡುಕಿ ಓದಿದೆ. ಓದ್ತಾ ಓದ್ತಾ ನಗು ಬಂತು, ಯಾಕಂದ್ರೆ ವರಸೆ ಇತ್ತು. ಅದೂ ನಮ್ಮಂಥದ್ದೇ.

ಮೊದಲು ನಮ್ಮದನ್ನ ಒಂದ್ಸಾರಿ ನೆನಪು ಮಾಡ್ಕೊಳ್ಳೋಣ. ಅವ್ವನ ಅಕ್ಕ ದೊಡ್ಡಮ್ಮ, ಅವ್ವನ ತಂಗಿ ಚಿಕ್ಕಮ್ಮ. ಅಪ್ಪನ ಅಣ್ಣನ ಹೆಂಡ್ತೀನೂ ದೊಡ್ಡಮ್ಮ, ತಮ್ಮನ ಹೆಂಡ್ತೀನೂ ಚಿಕ್ಕಮ್ಮ. ಈ ಮಾತುಗಳ ಒಳಗೆಲ್ಲಾ ಒಬ್ಬಳು ಅಮ್ಮ ಕೂತವ್ಳೆ. ಅವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಅಲ್ಲಿ ಮದುವೆ ಮಾತು ಎತ್ತೋ ಹಂಗೇ ಇಲ್ಲ. ಅಪ್ಪನ ಅಕ್ಕತಂಗಿ ಮಾತ್ರ ಅತ್ತೆ, ಅವ್ವನ ಅಣ್ಣತಮ್ಮ ಮಾವ. ಆ ಮಾತಿನೊಳಗೆ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ಅವರ ಮಕ್ಕಳು ವರಸೆಗೆ ಬರೋರು. ಅದಕ್ಕೇ ಗಂಡನ ತಾಯಿಗೂ ಅತ್ತೆ ಅನ್ನೋದು. ಅತ್ತೆ ಮಗನ್ನ ಮದುವೆಯಾದ್ರೆ ಎರಡೂ ಒಬ್ಬರೇ ಆಗ್ತಾರಲ್ಲ. ನಮ್ಮವ್ವ ಹಂಗೇ ಮದುವೆಯಾದೋರು. "ನನಗೆ ಅತ್ತೆ ಅನ್ನೋ ಮಾತು ಹೊಸದಾಗಿ ಕಲಿಯೋದೇ ಇರಲಿಲ್ಲ, ಹುಟ್ಟಿದಾಗಿಂದ ಅತ್ತೇನೇ" ಅಂತಿದ್ರು.

ಈ ಲೆಕ್ಕವನ್ನ ದೂರದ ಒಬ್ಬ ವಕೀಲ ನೋಡಿ ಬೆರಗಾಗಿದ್ದ. ಅಮೆರಿಕದ ರೋಚೆಸ್ಟರ್ ಊರಿನ ಲೂಯಿಸ್ ಹೆನ್ರಿ ಮಾರ್ಗನ್ ಅಂತ. ಅಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನ ತಾಯಿಯ ಅಕ್ಕತಂಗೀನ ತಾಯಿ ಅಂತಲೇ ಕರೆಯೋದು, ತಂದೆಯ ಅಕ್ಕತಂಗಿಗೆ ಬೇರೆ ಮಾತು ಇಟ್ಕೊಂಡಿರೋದು ನೋಡಿ, ಪ್ರಪಂಚದ ಮೂಲೆಮೂಲೆಗೆ ಪ್ರಶ್ನೆಗಳ ಪಟ್ಟಿ ಕಳಿಸಿದ. ನಮ್ಮ ಕಡೆಯಿಂದ ತಮಿಳು, ತೆಲುಗು, ಕನ್ನಡದ ಮಾತುಗಳು ಅವನ ಕೈ ಸೇರಿದ್ವು. 1871ರಲ್ಲಿ ಅದೆಲ್ಲಾ ದಪ್ಪ ಪುಸ್ತಕವಾಗಿ ಬಂತು. ಸಮುದ್ರದಾಚೆಯ ಸೆನೆಕಾ ಜನರ ವರಸೆಗೂ ನಮ್ಮ ವರಸೆಗೂ ಹೊಂದಿಕೆ ಬಂದಿದ್ದು ಅವನಿಗೆ ದೊಡ್ಡ ಸೋಜಿಗ. ಈಗಲೂ ವಿದ್ವಾಂಸರು ಅಮೆಜಾನ್ ಕಾಡಿನ ಯಾವುದೋ ಜನರಲ್ಲಿ ಅತ್ತೆ-ಮಾವನ ಲೆಕ್ಕ ಕಂಡ್ರೆ ಅದನ್ನ ದ್ರಾವಿಡ ಪದ್ಧತಿ ಅಂತಲೇ ಕರೀತಾರೆ. ನಾವು ಅಡುಗೆಮನೇಲಿ ಕೂತು ಬೆರಳು ಮಡಿಸಿ ಲೆಕ್ಕ ಹಾಕೋದಕ್ಕೆ ಇಷ್ಟು ದೊಡ್ಡ ಹೆಸರೈತೆ ನೋಡ್ರವ್ವ.

ಈಗ ಆಂಟಿ ವಿಚಾರ. ಇಂಗ್ಲಿಷಿನ ಆಂಟ್ ಅನ್ನೋ ಪದ ಇಂಗ್ಲಿಷಿನದಲ್ಲ. ಅದು ಹಳೇ ಫ್ರೆಂಚಿನ ಆಂತ್ ಅನ್ನೋದರಿಂದ ಬಂದಿದ್ದು. ಫ್ರೆಂಚಿನೋರಿಗೆ ಅದು ಲ್ಯಾಟಿನ್ನಿನ ಅಮಿತಾ ಅನ್ನೋದರಿಂದ ಸಿಕ್ಕಿದ್ದು. ಅಮಿತಾ ಅಂದ್ರೆ ರೋಮಿನ ಜನರಿಗೆ ಯಾರು ಗೊತ್ತಾ? ಅಪ್ಪನ ಅಕ್ಕತಂಗಿ. ಖಡಾಖಂಡಿತವಾಗಿ ಸೋದರತ್ತೆ! ತಾಯಿಯ ಅಕ್ಕತಂಗಿಗೆ ಅವರು ಮಾತೆರ್ತೆರಾ ಅಂತ ಬೇರೆ ಮಾತು ಇಟ್ಟಿದ್ರು. ಆ ಮಾತಿನ ಒಳಗೆ ಮಾತೆ ಕಾಣಿಸ್ತಾಳಲ್ಲ, ನಮ್ಮ ಚಿಕ್ಕಮ್ಮನ ಒಳಗೆ ಅಮ್ಮ ಕಾಣೋ ಹಂಗೆ. ಅಂಕಲ್ ಅನ್ನೋದೂ ಹಂಗೇ. ಅದು ಅವುಂಕುಲುಸ್ ಅನ್ನೋ ಲ್ಯಾಟಿನ್ ಮಾತು, ತಾಯಿಯ ಅಣ್ಣತಮ್ಮ ಅಂತ ಅರ್ಥ. ಅಪ್ಪನ ಅಣ್ಣತಮ್ಮನಿಗೆ ಪತ್ರುಉಸ್ ಅಂತ ಬೇರೆ. ಅಂದ್ರೆ ಅಂಕಲ್-ಆಂಟಿ ಜೋಡಿಯನ್ನ ಬೇರಿನ ತನಕ ಅಗೆದ್ರೆ ಸಿಗೋದು ಸೋದರಮಾವ, ಸೋದರತ್ತೆ. ಬೇಕು ಅಂತ ಹುಡುಕಿದ್ರೂ ಇಂಥ ಹೊಂದಿಕೆ ಸಿಗೋದು ಕಷ್ಟ.

ರೋಮಿನೋರಲ್ಲಿ ಪತ್ರುಉಸ್ ಅಂದ್ರೆ ಸಿಡುಕ, ಸದಾ ಬುದ್ಧಿ ಹೇಳಿ ಗದರಿಸೋನು ಅನ್ನೋ ಹೆಸರು. ಚಿಕ್ಕಪ್ಪನ ಜೊತೆ ಬದು-ಬೇಲಿ ವ್ಯಾಜ್ಯ ನೋಡಿರೋ ನಮಗೆ ಅದು ಹೊಸದೇನಲ್ಲ. ತಾಯಿ ಕಡೆಯೋನು ಮಾತ್ರ ಪ್ರೀತಿಯೋನು. (ಕಂಸ, ಶಕುನಿ ಇಬ್ಬರೂ ಸೋದರಮಾವಂದಿರೇ ಅಲ್ವಾ ಅಂತ ನೀವು ಕೇಳ್ತೀರಿ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.) ಇನ್ನೊಂದು ವಿಷಯ ಓದಿ ನನಗೆ ಬಹಳ ಖುಷಿಯಾಯ್ತು. ರೋಮಿನ ಹೆಂಗಸರು ಪ್ರತಿ ವರ್ಷ ಜೂನ್ 11ಕ್ಕೆ ಮಾತೆರ್ ಮತೂತಾ ಅನ್ನೋ ದೇವಿಯ ಹಬ್ಬ ಮಾಡ್ತಿದ್ರಂತೆ. ಅವತ್ತು ಅವರು ಬೇಡ್ಕೊಳ್ತಿದ್ದಿದ್ದು ತಮ್ಮ ಮಕ್ಕಳಿಗಲ್ಲ, ಅಕ್ಕತಂಗಿಯ ಮಕ್ಕಳಿಗೆ. ದೊಡ್ಡಮ್ಮ ಚಿಕ್ಕಮ್ಮಂದಿರ ಹಬ್ಬ ಅನ್ನಿ.

ಅಮಿತಾ ಅನ್ನೋ ಮಾತಿನ ಬುಡದಲ್ಲಿ ಮಕ್ಕಳ ಬಾಯಿನ ಅಮ್ಮ ಅನ್ನೋ ಶಬ್ದವೇ ಇದ್ದು, ಅದಕ್ಕೆ ಮುದ್ದಿನ ಬಾಲ ಸೇರೈತೆ ಅಂತ ಪದಗಳ ಚರಿತ್ರೆ ಬರೆಯೋರು ಹೇಳ್ತಾರೆ. ಹಂಗಂತ ಅದು ಕನ್ನಡದಿಂದ ಹೋಗಿದ್ದು ಅಂತ ಯಾರಾದ್ರೂ ವಾಟ್ಸಾಪಿನಲ್ಲಿ ಕಳಿಸಿದ್ರೆ ನಂಬಬೇಡಿ. ತುಟಿ ಮುಚ್ಚಿ ತೆಗೆದ್ರೆ ಯಾವ ದೇಶದ ಮಗುವಿನ ಬಾಯಿಂದ್ಲೂ ಮ್ಮ ಅಂತಲೇ ಬರೋದು.

ಹಂಗಾದ್ರೆ ಇಷ್ಟು ಖಚಿತವಾಗಿದ್ದ ಮಾತು ಎಲ್ರಿಗೂ ಸಲ್ಲೋ ಹಂಗೆ ಯಾಕಾಯ್ತು? ಹಳೇ ಇಂಗ್ಲಿಷಿನಲ್ಲೂ ಎರಡು ಮಾತಿದ್ವು. ಅಪ್ಪನ ಅಕ್ಕತಂಗಿ ಫಾಥು, ತಾಯಿಯ ಅಕ್ಕತಂಗಿ ಮೋಡ್ರಿಯೆ. 1066ರಲ್ಲಿ ಫ್ರೆಂಚ್ ಮಾತಾಡೋ ನಾರ್ಮನ್ನರು ಇಂಗ್ಲೆಂಡನ್ನ ಗೆದ್ದರು. ಅರಮನೆ, ಕೋರ್ಟು, ದೊಡ್ಡೋರ ಮನೆ ಎಲ್ಲಾ ಕಡೆ ಅವರ ಮಾತು. ಸುಮಾರು 1300ರ ಹೊತ್ತಿಗೆ ಆಂಟ್ ಇಂಗ್ಲಿಷ್ ಬರಹಗಳಲ್ಲಿ ಕಾಣಿಸ್ಕೊಳ್ತು, ಆಮೇಲೆ ಹಳೇ ಎರಡನ್ನೂ ನುಂಗಿತು. ಜರ್ಮನಿಯಲ್ಲಿ ಇದೇ ಕತೆ ಇನ್ನೂ ತಡವಾಗಿ ನಡೀತು. ಬಾಸೆ ಅಂದ್ರೆ ಸೋದರತ್ತೆ, ಮೂಮೆ ಅಂದ್ರೆ ತಾಯಿ ಕಡೆಯೋಳು ಅಂತಿದ್ದೋರು ಫ್ರೆಂಚಿನ ಟಾಂಟೆ ಹಿಡ್ಕೊಂಡ್ರು. ದೊಡ್ಡೋರ ಭಾಷೆ ಬಾಗಿಲಿಗೆ ಬಂದಾಗ ಮನೆಮಾತು ಹಿಂದಕ್ಕೆ ಸರಿಯೋದು ಇಂಗ್ಲಿಷಿಗೂ ಒಂದು ಕಾಲದಲ್ಲಿ ಆಗಿದ್ದೇ.

ಆದ್ರೆ ಬರೀ ಡೌಲಿಗೆ ಮಾತು ಸಾಯಲ್ಲ. ನನಗೆ ಒಪ್ಪಿಗೆಯಾದ ಇನ್ನೊಂದು ಕಾರಣ ಐತೆ. ಕ್ರೈಸ್ತ ಮಠದೋರು ಆ ಕಾಲದಲ್ಲಿ ನೆಂಟರೊಳಗಿನ ಮದುವೆಯನ್ನ ಬಿಗಿಯಾಗಿ ತಡೆದಿದ್ರು. ಮೊದಲು ಏಳು ತಲೆಮಾರಿನ ತನಕ ಕೂಡದು ಅಂತಿದ್ದದ್ದನ್ನ 1215ರ ದೊಡ್ಡ ಸಭೆಯಲ್ಲಿ ನಾಲ್ಕಕ್ಕೆ ಇಳಿಸಿದ್ರು. ಅತ್ತೆ ಮಗನೂ ಬೇಡ, ಚಿಕ್ಕಮ್ಮನ ಮಗನೂ ಬೇಡ, ಎರಡೂ ಒಂದೇ. ಯಾವ ಕಡೆಯೋರು ಅಂತ ಬೇರೆ ಮಾಡೋ ಕೆಲಸ ಹೋದ ಮೇಲೆ ಬೇರೆ ಮಾತು ಯಾಕೆ ಬೇಕು? ಹಂಗಾಗಿ ಎರಡೂ ಕೂಡ್ಕೊಂಡ್ವು ಅಂತ ಕೆಲವು ಪಂಡಿತರು ಹೇಳ್ತಾರೆ. ಕಸಿನ್ ಅನ್ನೋ ಮಾತೂ ಮೊದಲಿಗೆ ತಾಯಿಯ ಅಕ್ಕತಂಗಿಯ ಮಕ್ಕಳಿಗಷ್ಟೇ ಇದ್ದದ್ದು, ನಮ್ಮ ಲೆಕ್ಕದಲ್ಲಿ ಒಡಹುಟ್ಟಿದೋರು. ಈಗ ಅದೂ ಎಲ್ರಿಗೂ ಸಲ್ಲುತ್ತೆ.

ಇಲ್ಲಿಗೆ ಬಂದಾಗ ನನ್ನ ತಲೇಲಿ ಇನ್ನೊಂದು ಬೆಳಗಿತು. ನಮ್ಮ ಮಕ್ಕಳು ಆಂಟಿ ಅನ್ನೋದು ಇಂಗ್ಲಿಷ್ ಸ್ಕೂಲಿನಿಂದ ಬಂತು ಅಂತ ನಾವು ಬಯ್ಕೊಂಡು ಸುಮ್ನಾಗ್ತೀವಿ. ಅದರ ಜೊತೆಗೇ ಇನ್ನೊಂದು ನಡೀತಾ ಐತೆ. ಸೋದರಿಕೆ ಮದುವೆ ನಮ್ಮ ಮನೆಗಳಲ್ಲಿ ನಿಂತುಹೋಗ್ತಾ ಐತೆ. ಡಾಕ್ಟರು ಬಸುರಿ ಹೆಂಗಸನ್ನ ಮೊದಲು ಕೇಳೋದೇ "ಸಂಬಂಧದಲ್ಲಿ ಮದುವೆಯಾ?" ಅಂತ. 1942ರಲ್ಲಿ ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಮದುವೆ, ಸಂಸಾರದ ಬಗ್ಗೆ ಪುಸ್ತಕ ಬರೆದಾಗ ಅಕ್ಕನ ಮಗಳನ್ನ ತರೋದು ಇಲ್ಲಿ ಮಾಮೂಲಿ. 1955ರ ಹಿಂದೂ ವಿವಾಹ ಕಾಯ್ದೆ ಬಂದಾಗ ಮಾವ-ಸೊಸೆ, ಅಣ್ಣತಂಗಿಯ ಮಕ್ಕಳು, ಇಬ್ಬರು ಅಕ್ಕತಂಗಿಯರ ಮಕ್ಕಳು ಎಲ್ರನ್ನೂ ಒಂದೇ ಪಟ್ಟಿಗೆ ಸೇರಿಸಿ ಕೂಡದು ಅಂತ ಬರೆದರು. ಇಂಗ್ಲಿಷಿನ ಕಣ್ಣಿಗೆ ಎಲ್ಲಾ ಒಂದೇ ತಾನೆ. ಆಮೇಲೆ, ಎರಡೂ ಕಡೆಯೋರಲ್ಲಿ ರೂಢಿ ಇದ್ರೆ ಆಗಬಹುದು ಅಂತ ಒಂದು ಕಿಟಕಿ ಬಿಟ್ರು. ಆ ಕಿಟಕೀಲಿ ನಮ್ಮ ಸೋದರಿಕೆ ಉಳ್ಕೊಂಡಿತು.

ನಮ್ಮ ನೆಂಟರಲ್ಲಿ ಒಬ್ಬಳು ಹುಡುಗಿ ಇದ್ಲು, ಹೆಸರು ಬೇಡ. ತೊಟ್ಟಿಲಲ್ಲಿದ್ದಾಗಲೇ "ಇವಳು ನಮ್ಮ ತಮ್ಮನಿಗೇ" ಅಂತ ಅವಳ ಅವ್ವ ಹೇಳಿಬಿಟ್ಟಿದ್ರು. ಮೈನೆರೆದಾಗ ಅದೇ ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕಿದ. ಹೆಂಗಸರೆಲ್ಲಾ "ಮಾವ ಬಂದ ನೋಡೇ" ಅಂತ ಚುಡಾಯಿಸಿದ್ದೇ ಚುಡಾಯಿಸಿದ್ದು. ಅವಳಿಗೆ ಹದಿಮೂರು, ಅವನಿಗೆ ಇಪ್ಪತ್ತೇಳು. ಅವಳು ಅವತ್ತಿಂದ ಅವನನ್ನ ಮಾವ ಅನ್ನೋದು ಬಿಟ್ಲು, ಅಂಕಲ್ ಅಂತ ಕರೆಯಕ್ಕೆ ಶುರು ಮಾಡಿದ್ಲು. ಬೈದ್ರೂ ಬಿಡಲಿಲ್ಲ, ಒಂದು ಹಬ್ಬದಲ್ಲಿ ಏಟೂ ತಿಂದ್ಲು. ಅಂಕಲ್ ಅಂದ್ರೆ ಗಂಡ ಆಗಕ್ಕಾಗಲ್ಲ ಅನ್ನೋದು ಅವಳ ಲೆಕ್ಕ. ಆ ಒಂದು ಮಾತು ಅವಳಿಗೆ ಚಿಲಕ ಹಾಕಿದ ಬಾಗಿಲಿನಂಗೆ ಇತ್ತು. ಎರಡು ವರ್ಷ ಜಗಳ ಆಗಿ, ಅಕ್ಕ-ತಮ್ಮ ಮಾತು ಬಿಟ್ಟು, ಕೊನೆಗೆ ಅವನೇ ಬೇರೆ ಕಡೆ ಮದುವೆಯಾದ. ಹುಡುಗಿ ಓದಿ ಈಗ ತುಮಕೂರಲ್ಲೇ ಕೆಲಸದಲ್ಲವ್ಳೆ. ಅಂಕಲ್ ಅನ್ನೋ ಮಾತಿನ ಮೂಲಾರ್ಥವೇ ಸೋದರಮಾವ ಅಂತ ಮೊನ್ನೆ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕಳು. "ಆ ಲ್ಯಾಟಿನ್ ನಮ್ಮವ್ವನಿಗೆ ಗೊತ್ತಿರಲಿಲ್ಲ ಪುಣ್ಯ" ಅಂದ್ಲು.

ಹಂಗಾಗಿ ಹಳೇ ಮಾತೆಲ್ಲಾ ಬಂಗಾರ, ಆಂಟಿ ಅನ್ನೋದು ಕಾಗೆಬಂಗಾರ ಅಂತ ನಾನು ಹೇಳಲಾರೆ. ಇನ್ನೊಂದು ಮಾತೂ ಹೇಳಲೇಬೇಕು. ನಾನು ಚಿಕ್ಕೋಳಿದ್ದಾಗ ಊರಲ್ಲಿ ಯಾರನ್ನ ಅಕ್ಕ ಅನ್ನಬೇಕು, ಯಾರನ್ನ ದೊಡ್ಡಮ್ಮ ಅನ್ನಬೇಕು ಅನ್ನೋದು ಬೀದಿ ನೋಡ್ಕೊಂಡು ಇರ್ತಿತ್ತು. ಕಳೆ ಕೀಳಕ್ಕೆ ಬರ್ತಿದ್ದ ಅಜ್ಜಿಯ ವಯಸ್ಸಿನ ಹೆಂಗಸನ್ನ ಮೊಳದುದ್ದದ ಮಕ್ಕಳು ಹೆಸರು ಹಿಡಿದು, ಏಕವಚನದಲ್ಲಿ ಕೂಗ್ತಿದ್ವು. ಯಾರೂ ತಡೀತಿರಲಿಲ್ಲ. ಇವತ್ತು ಅವರ ಮೊಮ್ಮಗಳು ಟೀಚರಾಗಿ ಬಂದವ್ಳೆ, ಬೀದಿ ಮಕ್ಕಳೆಲ್ಲಾ ಅವಳನ್ನೂ ಆಂಟಿ ಅಂತಾರೆ, ನನ್ನನ್ನೂ ಆಂಟಿ ಅಂತಾರೆ. ಜಾತಿ ಕೇಳಲ್ಲ, ಗಂಡ ಅವ್ನಾ ಇಲ್ವಾ ಕೇಳಲ್ಲ, ಮಕ್ಕಳಾಗೈತಾ ಕೇಳಲ್ಲ. ಇದು ಸಣ್ಣ ವಿಷಯ ಅಲ್ಲ.

ಹಂಗಂತ ಈ ಪದ ಎಲ್ಲಾ ಕಡೆ ಮರ್ಯಾದೆ ತಂದಿಲ್ಲ. ಅಮೆರಿಕದ ದಕ್ಷಿಣದ ಸೀಮೆಯಲ್ಲಿ ಬಿಳಿಯರು ವಯಸ್ಸಾದ ಕರಿಯ ಹೆಂಗಸರನ್ನ ಆಂಟ್ ಅಂತ ಕರೀತಿದ್ದಿದ್ದು ಪ್ರೀತಿಗಲ್ಲ, ಮಿಸೆಸ್ ಅನ್ನೋ ಗೌರವ ಕೊಡಬಾರದು ಅಂತ. ದೋಸೆಯಂಥ ಪ್ಯಾನ್‌ಕೇಕ್ ಮಾಡೋ ಹಿಟ್ಟಿಗೆ 1889ರಲ್ಲಿ ಆಂಟ್ ಜೆಮೈಮಾ ಅಂತ ಹೆಸರಿಟ್ಟು, ಡಬ್ಬಿ ಮೇಲೆ ಅಡುಗೆ ಆಳಿನ ಚಿತ್ರ ಹಾಕಿದ್ರು. 1893ರ ಷಿಕಾಗೋ ಮೇಳದಲ್ಲಿ ನ್ಯಾನ್ಸಿ ಗ್ರೀನ್ ಅನ್ನೋ ಹೆಣ್ಮಗಳನ್ನ, ಗುಲಾಮಳಾಗಿ ಹುಟ್ಟಿದೋಳನ್ನ, ಆ ವೇಷದಲ್ಲಿ ನಿಲ್ಲಿಸಿ ಪ್ಯಾನ್‌ಕೇಕ್ ಹುಯ್ಯಿಸಿದ್ರು. ಆ ಹೆಸರು ಬಿಡ್ತೀವಿ ಅಂತ ಕಂಪನಿಯೋರು ಹೇಳಿದ್ದು 2020ರಲ್ಲಿ. ಅದೇ ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳು ಹಿರಿಯ ಹೆಂಗಸರನ್ನ ಆಂಟಿ ಅನ್ನೋದು ದೊಡ್ಡ ಗೌರವ. ಷೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲಿ ಆಂಟ್ ಅನ್ನೋದಕ್ಕೆ ಸೂಳೆ ಅನ್ನೋ ಅರ್ಥವೂ ಇತ್ತು. ಈಗ ನಮ್ಮ ಪಡ್ಡೆ ಹುಡುಗರು ಫೋನಿನಲ್ಲಿ ಆ ಪದವನ್ನ ಏನಕ್ಕೆ ಬಳಸ್ತಾರೆ ಅನ್ನೋದು ನಿಮಗೂ ಗೊತ್ತು, ನಾನು ಬಿಡಿಸಿ ಹೇಳಲ್ಲ.

ನನಗೆ ಇಷ್ಟವಾಗಿದ್ದು ಸ್ವೀಡನ್ ದೇಶದೋರ ಉಪಾಯ. ಅವರು ಅಪ್ಪನ ಅಕ್ಕತಂಗಿಗೆ ಫಾಸ್ಟರ್, ಅವ್ವನ ಅಕ್ಕತಂಗಿಗೆ ಮೋಸ್ಟರ್ ಅಂತ ಇವತ್ತಿಗೂ ಬೇರೆ ಬೇರೆ ಇಟ್ಕೊಂಡವ್ರೆ. ಫ್ರೆಂಚಿನ ಟಾಂಟ್ ಅಲ್ಲಿಗೂ ಬಂತು. ಅದನ್ನ ಹೊರಗಿನ ಹಿರಿ ಹೆಂಗಸರಿಗೆ ಕೊಟ್ರು. ಬೀದಿಯೋಳು ಟಾಂಟ್, ಮನೆಯೋಳು ಫಾಸ್ಟರ್. ಜಗಲಿಗೊಂದು, ನಡುಮನೆಗೊಂದು.

ಯಾಕಂದ್ರೆ ನಮ್ಮಲ್ಲಿ ಸೋದರತ್ತೆಗೆ ಮದುವೆ ವರಸೆಯೊಂದೇ ಕೆಲಸ ಅಲ್ಲ. ತೊಟ್ಟಿಲಿಗೆ ಹಾಕೋ ದಿನ ಮಗುವಿನ ಕಿವೀಲಿ ಹೆಸರು ಹೇಳೋದು ಅವಳೇ. ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಹೋಗೋದು ಅವಳಿಗೇ. ಚಿಕ್ಕಮ್ಮ ನಮ್ಮನೆಗೆ ಬಂದೋಳು, ಅತ್ತೆ ನಮ್ಮನೆಯಿಂದ ಹೋದೋಳು. ಆ ಹೋದೋಳಿಗೂ ಈ ಮನೇಲಿ ಹಕ್ಕೈತೆ ಅನ್ನೋದನ್ನ ಅತ್ತೆ ಅನ್ನೋ ಮಾತು ನೆನಪಿಸ್ತಾ ಇರುತ್ತೆ. ಕಾನೂನಿನಲ್ಲೂ ಐತೆ. ಪಿತ್ರಾರ್ಜಿತದಲ್ಲಿ ಹೆಣ್ಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು, ಆದ್ರೆ ಅದಕ್ಕೆ ಮುಂಚೆ ಮದುವೆಯಾದೋರನ್ನ ಬಿಟ್ಟುಬಿಡ್ತು. 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡೀಲಿ ಆ ತಡೆ ಇರಲಿಲ್ಲ. ತುಮಕೂರು ಬೆಳೀತಾ ಬೆಳೀತಾ ನಮ್ಮ ಕಡೆ ಜಮೀನಿಗೂ ಬೆಲೆ ಬಂತಲ್ಲ, ಆವಾಗ ಒಂದು ತಮಾಷೆ ನೋಡಿದೆ. ಇಪ್ಪತ್ತು ವರ್ಷ "ಆ ಆಂಟಿ" ಅಂತಿದ್ದ ಅಣ್ಣನ ಮಕ್ಕಳು, ಕಾಗದಕ್ಕೆ ಸಹಿ ಬೇಕಾದ ದಿನ ಹೂವು, ಹಣ್ಣು, ರವಿಕೆ ಕಣ ತಗೊಂಡು "ಅತ್ತೇ, ಚೆನ್ನಾಗಿದೀರಾ" ಅಂತ ಬಾಗಿಲಿಗೆ ಬಂದ್ರು. ಅತ್ತೆ ಕಾಫಿ ಕೊಟ್ಟರು. ಸಹಿ ಹಾಕಲಿಲ್ಲ, ಓದಿಸಿ ನೋಡ್ತೀನಿ ಅಂದ್ರು.

ನಮ್ಮ ಮನೇಲಿ ಈಗ ನಾನು ಒಂದು ಆಟ ಇಟ್ಟಿದೀನಿ. ನೆಂಟರು ಬರ್ತಾರೆ ಅಂದ್ರೆ ಹಿಂದಿನ ರಾತ್ರಿ ಮಕ್ಕಳಿಗೆ ಬೆರಳು ಮಡಿಸಿ ವರಸೆ ಹೇಳಿಸ್ತೀನಿ. ಸರಿ ಹೇಳಿದೋರಿಗೆ ಒಬ್ಬಟ್ಟು ಮೊದಲು. ಷಡ್ಡಕ, ವಾರಗಿತ್ತಿ, ಬೀಗಿತ್ತಿ ತನಕ ಬಂದಿದೀವಿ. ಸೋದರಮಾವನ ಹೆಂಡ್ತಿ ಯಾಕೆ ಅತ್ತೆ ಅನ್ನೋದು ಚಿಕ್ಕೋನಿಗೆ ಇನ್ನೂ ಹತ್ತಿಲ್ಲ. ಗುಬ್ಬಿ ಕಡೆಯೋರು, ಕುಣಿಗಲ್ ಕಡೆಯೋರು ನಿಮ್ಮನೇಲಿ ಅಪ್ಪನ ತಂಗಿಯನ್ನ, ಚಿಕ್ಕಮ್ಮನನ್ನ ಏನಂತ ಕರೀತಿದ್ರಿ ಅಂತ ಮುಂದಿನ ಸಾರಿ ಬಂದಾಗ ಹೇಳಿ. ಒಬ್ಬರು ಸಣ್ಣಮ್ಮ ಅಂತಾರೆ, ಒಬ್ಬರು ಚಿಗವ್ವ ಅಂತಾರೆ. ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತಾ ಇದೀನಿ, ಇಲ್ಲಿತನಕ ಹನ್ನೊಂದು ಪುಟ ಆಗೈತೆ.